ಎನ್‌ಜಿಒದಲ್ಲಿ ಸಹೋದ್ಯೋಗಿಗೆ ಪ್ರಾಡಕ್ಟ್ ಮುಖ್ಯಸ್ಥರ ಬಡ್ತಿ: ಆದೇಶ ಪತ್ರಕ್ಕೆ ಸಹಿ ಹಾಕುವ ಮೊದಲು ಏನೇನು ಆಗಿರಬೇಕು?

ಕಡತಮೇಜು
ಲಾಭರಹಿತ ಸಂಸ್ಥೆ, ಒಟ್ಟು 34 ಸಿಬ್ಬಂದಿ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಮಾಹಿತಿ ದಾಖಲಿಸುವ ಮೊಬೈಲ್ ಆ್ಯಪ್ ಒಂದು, ಅದಕ್ಕೆ ಹೊಂದಿಕೊಂಡ ತರಬೇತಿ ಪಾಠಗಳು ಇನ್ನೊಂದು. ಪ್ರಾಡಕ್ಟ್ ಅಂದರೆ ಇವೆರಡೇ. ತಂಡದಲ್ಲಿ ಮೂವರು ಡೆವಲಪರ್, ಒಬ್ಬ ಡಿಸೈನರ್, ಒಬ್ಬ ಟೆಸ್ಟರ್, ಬಳಕೆದಾರರ ದೂರು ನೋಡಿಕೊಳ್ಳುವವರು ಒಬ್ಬರು. ಕಾಗದದ ಮೇಲೆ ಎಲ್ಲರೂ ಕಾರ್ಯಕ್ರಮ ನಿರ್ದೇಶಕರ ಕೆಳಗೆ. ಆದರೆ ಯಾವುದನ್ನು ಕಟ್ಟಬೇಕು, ಯಾವುದನ್ನು ಮುಂದೂಡಬೇಕು, ಯಾವಾಗ ಬಿಡುಗಡೆ ಮಾಡಬೇಕು ಎಂಬುದನ್ನು ನಾಲ್ಕು ವರ್ಷದಿಂದ ನಡೆಸಿಕೊಂಡು ಬರುತ್ತಿರುವವರು ಮೂವರು ಡೆವಲಪರ್‌ಗಳಲ್ಲಿ ಒಬ್ಬರು. ಆಡಳಿತ ಮಂಡಳಿ ಈಗ 'ಉತ್ಪನ್ನ ಅಭಿವೃದ್ಧಿ ಮುಖ್ಯಸ್ಥ' ಎಂಬ ಹುದ್ದೆಗೆ ಒಪ್ಪಿದೆ. ಅವರನ್ನೇ ಕೂರಿಸುವ ಇರಾದೆ.

ಗಟ್ಟಿಯಾಗದೆ ಉಳಿದಿರುವುದು ಇಷ್ಟು. ಒಳಗೆ ಅರ್ಜಿ ಕರೆಯಬೇಕೇ, ನೇರವಾಗಿ ಕೊಡಬಹುದೇ? ಆರು ತಿಂಗಳು ಪ್ರಭಾರ ಕೊಟ್ಟು ನೋಡುವುದು ಒಳ್ಳೆಯದೇ? ಅವರ ಸಂಬಳದಲ್ಲಿ ನೂರಕ್ಕೆ 70 ಪಾಲು ಎರಡು ಅನುದಾನಗಳಿಂದ ಬರುತ್ತಿದೆ, ಅದರಲ್ಲಿ ಒಂದು ಇನ್ನು 9 ತಿಂಗಳಿಗೆ ಮುಗಿಯುತ್ತದೆ. ಉಳಿದ ಇಬ್ಬರು ಡೆವಲಪರ್‌ಗಳು ಸೇವೆಯಲ್ಲಿ ಇವರಿಗಿಂತ ಹಿರಿಯರು. ಆದೇಶ ಪತ್ರದಲ್ಲಿ ಹುದ್ದೆಯ ಹೆಸರು, ಸಂಬಳ ಬಿಟ್ಟು ಇನ್ನೇನು ಇರಬೇಕು?

ಅನುದಾನಲೆಕ್ಕ
ಮೊದಲು ದುಡ್ಡಿನ ವಿಚಾರ. ಉಳಿದದ್ದೆಲ್ಲ ಸರಿಯಾಗಿದ್ದೂ ಇಲ್ಲಿ ಎಡವಿದ ಬಡ್ತಿಗಳೇ ಹೆಚ್ಚು.

ಸಂಬಳ ಏರಿಕೆಯೇ ಬಡ್ತಿಯ ಖರ್ಚು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಹಾಗಲ್ಲ. ಈಗಿನ ಸಂಬಳ 100 ಎಂದಿಟ್ಟುಕೊಳ್ಳಿ. ಅನುದಾನ ಅ 40 ಕೊಡುತ್ತದೆ, ಅನುದಾನ ಬ 30, ಸಂಸ್ಥೆಯ ಸಾಮಾನ್ಯ ನಿಧಿ (ಯಾವ ಅನುದಾನಕ್ಕೂ ಸೇರದ ಸ್ವಂತ ದುಡ್ಡು) 30. ಬಡ್ತಿಯ ನಂತರ ಸಂಬಳ 120. ಆದರೆ ಮುಖ್ಯಸ್ಥರಾದ ಮೇಲೆ ಅವರ ಸಮಯ ಎರಡು ಯೋಜನೆಗಳಿಗೆ ಮೊದಲಿನಷ್ಟು ಹೋಗುವುದಿಲ್ಲ. ಸಮಯದ ನೂರರಲ್ಲಿ ಅ-ಗೆ 20 ಪಾಲು, ಬ-ಗೆ 15 ಪಾಲು ಉಳಿಯಿತು ಅನ್ನೋಣ. ಆಗ 120ರಲ್ಲಿ ಅ-ಗೆ ಹಾಕಬಹುದಾದದ್ದು 24, ಬ-ಗೆ 18. ಮಿಕ್ಕ 78 ಸಾಮಾನ್ಯ ನಿಧಿಯ ತಲೆ ಮೇಲೆ. ಏರಿಕೆ 20 ಮಾತ್ರ, ಸಾಮಾನ್ಯ ನಿಧಿಗೆ ಬಿದ್ದ ಹೆಚ್ಚುವರಿ ಹೊರೆ 48. ಮಂಡಳಿಯ ಮುಂದೆ 20 ಎಂದು ತೋರಿಸಿ ಒಪ್ಪಿಗೆ ಪಡೆದಿದ್ದರೆ ವರ್ಷದ ಕೊನೆಗೆ ಕಷ್ಟ.

ಆ 48ರಲ್ಲಿ 28 ಅನುದಾನಗಳಲ್ಲೇ ಬಿಡುವಾಗಿ ಉಳಿದಿರುತ್ತದೆ: ಅ-ದಲ್ಲಿ 16, ಬ-ದಲ್ಲಿ 12. ಅವರ ಹಳೆಯ ಕೆಲಸಕ್ಕೆ ಬರುವವರ ಸಂಬಳಕ್ಕೆ ಅದನ್ನು ತಿರುಗಿಸಬಹುದು, ಆದರೆ ಅನುದಾನ ಒಪ್ಪಂದ ಅದಕ್ಕೆ ಅವಕಾಶ ಕೊಟ್ಟರೆ ಮಾತ್ರ. ಎರಡೂ ಒಪ್ಪಂದಗಳನ್ನು ತೆಗೆದು ಮೂರು ಸಂಗತಿ ನೋಡಿ. ಸಿಬ್ಬಂದಿ ವೆಚ್ಚದೊಳಗೆ ಎಷ್ಟು ಪ್ರತಿಶತದವರೆಗೆ ಒಪ್ಪಿಗೆಯಿಲ್ಲದೆ ಬದಲಿಸಬಹುದು. ಇವರ ಹೆಸರು 'ಪ್ರಮುಖ ಸಿಬ್ಬಂದಿ' ಪಟ್ಟಿಯಲ್ಲಿದೆಯೇ. ಇದ್ದರೆ, ಬದಲಾವಣೆಯನ್ನು ತಿಳಿಸಿದರೆ ಸಾಕೋ, ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕೋ. ಉದಾಹರಣೆಗೆ ಅಮೆರಿಕದ ಫೆಡರಲ್ ಅನುದಾನಗಳಲ್ಲಿ ಯೋಜನೆಯ ನಿರ್ದೇಶಕರು ಯೋಜನೆಗೆ ಕೊಡುವ ಸಮಯ 25 ಪ್ರತಿಶತ ಇಳಿದರೂ, ಮೂರು ತಿಂಗಳಿಗಿಂತ ಹೆಚ್ಚು ದೂರವಿದ್ದರೂ ಮುಂಚಿತ ಒಪ್ಪಿಗೆ ಬೇಕು. ಖಾಸಗಿ ಪ್ರತಿಷ್ಠಾನಗಳು ಸಾಮಾನ್ಯವಾಗಿ ಇಷ್ಟು ಬಿಗಿ ಇರುವುದಿಲ್ಲ, ಆದರೂ ಒಂದು ಪುಟದ ಪತ್ರ ಬರೆದು ಉತ್ತರವನ್ನು ಕಡತದಲ್ಲಿಟ್ಟುಕೊಳ್ಳಿ.

ಮತ್ತೆ ಟೈಮ್‌ಶೀಟ್. ಬಡ್ತಿಯಾದ ಮೇಲೂ ಹಳೆಯ 40-30-30ನ್ನೇ ತಿಂಗಳು ತಿಂಗಳು ನಕಲು ಮಾಡುವುದು ತೀರಾ ಸಾಮಾನ್ಯ ತಪ್ಪು. ಲೆಕ್ಕಪರಿಶೋಧಕರು ಕ್ಯಾಲೆಂಡರ್ ಮತ್ತು ಮೀಟಿಂಗ್ ಟಿಪ್ಪಣಿ ಪಕ್ಕಕ್ಕಿಟ್ಟು ನೋಡಿದರೆ ಐದು ನಿಮಿಷದ ಕೆಲಸ. ಒಪ್ಪದ ಖರ್ಚನ್ನು ಸಂಸ್ಥೆ ಸಾಮಾನ್ಯ ನಿಧಿಯಿಂದಲೇ ಹಿಂತಿರುಗಿಸಬೇಕಾಗುತ್ತದೆ. ಹೊಸ ಹುದ್ದೆ ಶುರುವಾದ ದಿನದಿಂದ ನಿಜವಾಗಿ ದುಡಿದ ಗಂಟೆಗಳನ್ನೇ ಬರೆಯಬೇಕು.

ಬಿಡುಗಡೆದಿನ
ದುಡ್ಡಿನಷ್ಟೇ ದೊಡ್ಡದು ಹಳೆಯ ಕೆಲಸ. ಬಡ್ತಿ ಕೊಟ್ಟು ಹಳೆಯ ಕೆಲಸವನ್ನು ಅವರ ಹೆಗಲ ಮೇಲೇ ಬಿಟ್ಟರೆ ಆರು ತಿಂಗಳಲ್ಲಿ ಎರಡೂ ಕೆಡುತ್ತವೆ. 'ಸದ್ಯಕ್ಕೆ ಎರಡನ್ನೂ ನೋಡಿಕೊಳ್ಳಿ' ಎಂಬ ಮಾತಿಗೆ ಕೊನೆಯ ದಿನಾಂಕವೇ ಇರುವುದಿಲ್ಲ.

ಆದೇಶಕ್ಕೆ ಮೊದಲು ಎರಡು ವಾರ ಅವರು ಮಾಡಿದ ಪ್ರತಿಯೊಂದನ್ನೂ ಒಂದು ಹಾಳೆಯಲ್ಲಿ ಬರೆಯಲಿ. ನಾಲ್ಕು ಕಾಲಂ ಸಾಕು: ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಇನ್ಯಾರಿಗೆ ಬರುತ್ತದೆ, ಮುಂದೆ ಯಾರದು. ಮೂರನೇ ಕಾಲಂ ಖಾಲಿ ಇರುವ ಸಾಲುಗಳೇ ಅಪಾಯದ ಜಾಗ. ಮೊಬೈಲ್ ಆ್ಯಪ್ ತಂಡದಲ್ಲಿ ಅಂಥ ಸಾಲುಗಳು ಬಹುತೇಕ ಇವೇ: ಆ್ಯಪ್ ಸ್ಟೋರ್ ಖಾತೆ, ಬಿಡುಗಡೆಗೆ ಸಹಿ ಹಾಕುವ ಕೀ (ಆ್ಯಪ್ ನಮ್ಮದೇ ಎಂದು ತೋರಿಸುವ ಡಿಜಿಟಲ್ ಕೀ), ಡೊಮೇನ್ ನವೀಕರಣ, ಸರ್ವರ್‌ನ ಮೂಲ ಪಾಸ್‌ವರ್ಡ್, ಡೇಟಾಬೇಸ್ ಬ್ಯಾಕಪ್ ಮರಳಿ ತರುವ ವಿಧಾನ, ಅನುವಾದದ ಕಡತಗಳು, ತಿಂಗಳ ಕೊನೆಗೆ ದಾನಿಗಳಿಗೆ ಹೋಗುವ ಅಂಕಿ ತೆಗೆಯುವ ಕ್ವೆರಿ.

ಸಹಿ ಕೀ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. 2021ರ ಆಗಸ್ಟ್‌ನಿಂದ ಗೂಗಲ್ ಪ್ಲೇಗೆ ಹೊಸದಾಗಿ ಬರುವ ಆ್ಯಪ್‌ಗಳ ಸಹಿ ಕೀಯನ್ನು ಗೂಗಲ್ಲೇ ಇಟ್ಟುಕೊಳ್ಳುತ್ತದೆ. ತಂಡದ ಬಳಿ ಇರುವುದು ಆ್ಯಪನ್ನು ಗೂಗಲ್‌ಗೆ ಕಳುಹಿಸಲು ಬೇಕಾದ ಅಪ್‌ಲೋಡ್ ಕೀ ಮಾತ್ರ, ಕಳೆದರೆ ಬದಲಾಯಿಸಿಕೊಳ್ಳಬಹುದು. ಅದಕ್ಕಿಂತ ಹಳೆಯ ಆ್ಯಪ್ ಆಗಿದ್ದು ಆ ವ್ಯವಸ್ಥೆಗೆ ಸೇರಿಸಿರದಿದ್ದರೆ ಮೂಲ ಕೀ ಯಾರದೋ ಲ್ಯಾಪ್‌ಟಾಪಿನಲ್ಲಿದೆ ಎಂದರ್ಥ. ಅದು ಹೋದರೆ ಅದೇ ಆ್ಯಪ್‌ಗೆ ಅಪ್‌ಡೇಟ್ ಕೊಡಲಾಗದು. ಹೊಸ ಹೆಸರಿನಲ್ಲಿ ಹಾಕಿ ಪ್ರತಿಯೊಬ್ಬ ಕಾರ್ಯಕರ್ತರ ಫೋನಿನಲ್ಲೂ ಮತ್ತೆ ಇನ್‌ಸ್ಟಾಲ್ ಮಾಡಿಸಬೇಕು, ಕಳುಹಿಸದೆ ಫೋನಿನಲ್ಲೇ ಉಳಿದ ದಾಖಲೆಗಳ ಗತಿ ಬೇರೆ. ಆದ್ದರಿಂದ ಹಸ್ತಾಂತರದ ಮೊದಲ ದಿನವೇ ಕೀ ಎಲ್ಲಿದೆ ಎಂದು ಪತ್ತೆ ಮಾಡಿ, ಸಂಸ್ಥೆಯ ಪಾಸ್‌ವರ್ಡ್ ವಾಲ್ಟ್‌ಗೆ ಹಾಕಿ, ಇಬ್ಬರಿಗೆ ಪ್ರವೇಶ ಕೊಡಿ. ಎರಡು ಹಂತದ ಪರಿಶೀಲನೆಯ ಕೋಡ್ ಯಾರ ವೈಯಕ್ತಿಕ ಫೋನಿಗೆ ಬರುತ್ತಿದೆ ಎಂಬುದನ್ನೂ ನೋಡಿ.

ಹಸ್ತಾಂತರಕ್ಕೆ ಎಂಟು ವಾರ ಇಡಿ. ಮೊದಲ ಎರಡು ವಾರ ಹೊಸಬರು ಪಕ್ಕದಲ್ಲಿ ಕೂತು ನೋಡುವುದು. ಮುಂದಿನ ನಾಲ್ಕು ವಾರ ಅವರು ಮಾಡುವುದು, ಇವರು ನೋಡುವುದು. ಅದರೊಳಗೆ ಕನಿಷ್ಠ ಒಂದು ಪೂರ್ತಿ ಬಿಡುಗಡೆ ಮುಗಿದಿರಬೇಕು. ಕೊನೆಯ ಎರಡು ವಾರ ಇವರು ಕೈ ಹಾಕುವಂತಿಲ್ಲ, ಕರೆದರೆ ಮಾತ್ರ. ಮುಖ್ಯಸ್ಥರಾದ ಮೇಲೂ ಕೋಡ್ ಬರೆಯುವ ಆಸೆ ಇದ್ದರೆ ವಾರಕ್ಕೆ ಒಂದು ದಿನ, ಅದೂ ಬಿಡುಗಡೆ ಕಾಯುತ್ತಿರುವ ಕೆಲಸವಲ್ಲದ್ದು. ಇವರ ಟಿಕೆಟ್‌ಗಾಗಿ ತಂಡ (ಇವರ ಹೆಸರಿಗಿರುವ ಕೆಲಸ ಮುಗಿಯಲೆಂದು) ಕಾಯುವ ಪರಿಸ್ಥಿತಿ ಬಂದರೆ, ಇವರು ಮೀಟಿಂಗಿನಲ್ಲಿ ಕೂತಷ್ಟು ಹೊತ್ತು ಐದು ಜನ ಖಾಲಿ.

ಎಚ್‌ಆರ್‌ಟೇಬಲ್
ಒಳಗೆ ಅರ್ಜಿ ಕರೆಯಿರಿ. ಒಬ್ಬರೇ ಅರ್ಹರು ಎಂದು ಕಂಡರೂ ಕರೆಯಿರಿ. 7ರಿಂದ 10 ಕೆಲಸದ ದಿನ ನೋಟಿಸ್, ಮೂವರ ಆಯ್ಕೆ ಸಮಿತಿ, ಅದರಲ್ಲಿ ಒಬ್ಬರು ಪ್ರಾಡಕ್ಟ್ ತಂಡಕ್ಕೂ ಕಾರ್ಯಕ್ರಮ ವಿಭಾಗಕ್ಕೂ ಸೇರದವರು.

ಸಂದರ್ಶನಕ್ಕಿಂತ ಒಂದು ಕೆಲಸದ ಮಾದರಿ ಹೆಚ್ಚು ಹೇಳುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕಟ್ಟು, 90 ನಿಮಿಷ. ಕಟ್ಟಿನಲ್ಲಿ ಬಳಕೆದಾರರ 12 ದೂರುಗಳು, ಅನುದಾನ ಒಪ್ಪಂದದ ಒಂದು ಷರತ್ತು, ಫೀಲ್ಡ್ ತಂಡದ ಒಂದು ಕೋರಿಕೆ, ಆರು ವಾರದ ಕ್ಯಾಲೆಂಡರ್. ಮೂವರು ಡೆವಲಪರ್, ಆರು ವಾರ, ಅಂದರೆ 18 ವ್ಯಕ್ತಿವಾರ. ನಿರ್ವಹಣೆಗೆ ಐದನೇ ಒಂದು ತೆಗೆದರೆ ಸುಮಾರು 14. ಬೇಡಿಕೆಗಳನ್ನೆಲ್ಲ ಕೂಡಿದರೆ 26 ಬರುವಂತೆ ಜೋಡಿಸಿ. ಬರೆಯಬೇಕಾದದ್ದು ಒಂದು ಪುಟದ ಟಿಪ್ಪಣಿ: ಯಾವುದು ಒಳಗೆ, ಯಾವುದು ಹೊರಗೆ, ಏಕೆ. ಜೊತೆಗೆ ಹೊರಗೆ ಬಿದ್ದದ್ದನ್ನು ಕೇಳಿದವರಿಗೆ ಕಳುಹಿಸುವ ಪತ್ರ. ಟಿಪ್ಪಣಿಗಳನ್ನು ಓದುವ ಮೊದಲೇ ಅಂಕ ಹಂಚಿಟ್ಟಿರಿ. ಆಯ್ಕೆಗೆ ಕೊಟ್ಟ ಕಾರಣಕ್ಕೆ 35, ಬಳಕೆದಾರರ ಸ್ಥಿತಿ ಅರಿತದ್ದಕ್ಕೆ 25, 'ಈಗ ಆಗದು' ಎಂದು ಹೇಳಿದ ರೀತಿಗೆ 25, ಅಂದಾಜಿನ ನಿಖರತೆಗೆ 15. ಒಳ್ಳೆಯ ಡೆವಲಪರ್ ಕೊನೆಯದರಲ್ಲಿ ಪೂರ್ತಿ ಅಂಕ ತೆಗೆದು ಮೂರನೆಯದರಲ್ಲಿ ಸೊನ್ನೆ ತೆಗೆಯಬಹುದು. ಈ ಹುದ್ದೆಗೆ ಬೇಕಾದದ್ದು ಮೂರನೆಯದು.

ಮೂಲಸಂಕೇತ
ಎಚ್‌ಆರ್‌ಟೇಬಲ್ ಅವರೇ, ಈ ಪ್ರಕರಣಕ್ಕೆ ಇದು ಒಪ್ಪುವುದಿಲ್ಲ. 'ಅವರನ್ನೇ ಕೂರಿಸುವ ಇರಾದೆ' ಎಂದು ಮೊದಲ ಪೋಸ್ಟ್‌ನಲ್ಲೇ ಇದೆ. ತೀರ್ಮಾನ ಆಗಿಹೋದ ಮೇಲೆ ಅರ್ಜಿ ಕರೆದರೆ ಉಳಿದವರ ಎರಡು ವಾರದ ಶ್ರಮ ವ್ಯರ್ಥ, ನಂಬಿಕೆಯೂ ಹೋಗುತ್ತದೆ. ಅದಕ್ಕಿಂತ ನೇರ ದಾರಿ ಇದೆ. ಒಬ್ಬರು ನಾಲ್ಕು ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ಹುದ್ದೆಯ ದರ್ಜೆ ಹೊಂದಿಸುವುದನ್ನು ಮರುವರ್ಗೀಕರಣ ಎಂದೇ ಕರೆದು, ಕಾರಣ ಬರೆದು, ಮಂಡಳಿಯ ನಡಾವಳಿಯಲ್ಲಿ ದಾಖಲಿಸಿ. ಕಾರಣದಲ್ಲಿ ಹೊಗಳಿಕೆ ಬೇಡ, ದಾಖಲೆ ಇರಲಿ: ಎಷ್ಟು ಬಿಡುಗಡೆಗಳನ್ನು ನಿರ್ಧರಿಸಿದ್ದಾರೆ, ಯಾವ ಯಾವ ರೋಡ್‌ಮ್ಯಾಪ್ (ಮುಂದೆ ಏನೇನು ಕಟ್ಟಬೇಕೆಂಬ ಯೋಜನೆ) ಇವರ ಹೆಸರಿನಲ್ಲಿದೆ.

ಎಚ್‌ಆರ್‌ಟೇಬಲ್
ಒಂದು ಮಟ್ಟಿಗೆ ಒಪ್ಪುತ್ತೇನೆ. ಗೆರೆ ಎಲ್ಲಿ ಎಂದರೆ, ಹೊಸ ಹುದ್ದೆಯ ಕರ್ತವ್ಯಗಳಲ್ಲಿ ಎಷ್ಟು ಪಾಲು ಅವರು ಈಗಾಗಲೇ ಮಾಡುತ್ತಿದ್ದಾರೆ ಎಂಬುದರಲ್ಲಿ. ಮುಕ್ಕಾಲು ಭಾಗ ಮಾಡುತ್ತಿದ್ದರೆ ಮರುವರ್ಗೀಕರಣ ನ್ಯಾಯ. ಜನರ ಮೇಲ್ವಿಚಾರಣೆ, ಬಜೆಟ್, ಮಂಡಳಿಗೆ ವರದಿ ಇವೆಲ್ಲ ಹೊಸದಾಗಿ ಸೇರಿ ಅರ್ಧಕ್ಕಿಂತ ಹೆಚ್ಚಾದರೆ ಅದು ಬೇರೆ ಹುದ್ದೆಯೇ, ಅರ್ಜಿ ಕರೆಯಬೇಕು, ಇರಾದೆಯನ್ನು ಬದಿಗಿಟ್ಟು ಕರೆಯಬೇಕು. ಸೇವಾ ನಿಯಮಾವಳಿಯಲ್ಲಿ ಎಲ್ಲ ಹುದ್ದೆಗೂ ಒಳಪ್ರಕಟಣೆ ಕಡ್ಡಾಯ ಎಂದಿದ್ದರೆ ಮಾತ್ರ ಬೇರೆ ಮಾತಿಲ್ಲ. ಮೇಲೆ ಹೇಳಿದ ಕೆಲಸದ ಮಾದರಿಯನ್ನು ಮರುವರ್ಗೀಕರಣದಲ್ಲೂ ಬಳಸಬಹುದು, ಆಯ್ಕೆಗಲ್ಲ, ತರಬೇತಿ ಎಲ್ಲಿ ಬೇಕು ಎಂದು ತಿಳಿಯಲು.

ಪ್ರಭಾರ ಆರು ತಿಂಗಳು ಬೇಡ. ಕೊಡುವುದೇ ಆದರೆ ಮೂರು ತಿಂಗಳು, ಮೊದಲ ದಿನದಿಂದ ಪ್ರಭಾರ ಭತ್ಯೆ, ಮುಗಿಯುವ ದಿನಾಂಕ, ಆ ದಿನ ಯಾರು ಯಾವ ಅಳತೆಯಿಂದ ತೀರ್ಮಾನಿಸುತ್ತಾರೆ ಎಂಬುದು ಪತ್ರದಲ್ಲೇ ಇರಬೇಕು. ಪ್ರಭಾರದಲ್ಲಿರುವವರು ಯಾರಿಗೂ 'ಇಲ್ಲ' ಎನ್ನಲಾರರು. ನಾಳೆ ಅದೇ ಜನರಿಂದ ಒಪ್ಪಿಗೆ ಬರಬೇಕಲ್ಲ! ಹಾಗಾಗಿ ಪ್ರಭಾರದ ಅವಧಿಯಲ್ಲಿ ಬ್ಯಾಕ್‌ಲಾಗ್ (ಬಾಕಿ ಕೆಲಸಗಳ ಪಟ್ಟಿ) ಉಬ್ಬುತ್ತದೆ, ಆಮೇಲೆ ಅದನ್ನೇ ತೋರಿಸಿ 'ಇವರಿಂದಾಗಲಿಲ್ಲ' ಎನ್ನುತ್ತಾರೆ.

ಪ್ರಸ್ತಾವಪುಟ
ಇಷ್ಟೆಲ್ಲ ಚರ್ಚೆಯಲ್ಲಿ ಮುಖ್ಯವಾದದ್ದು ಬಿಟ್ಟುಹೋಗಿದೆ ಅನಿಸುತ್ತದೆ. ಲಾಭರಹಿತ ಸಂಸ್ಥೆಯಲ್ಲಿ ರೋಡ್‌ಮ್ಯಾಪ್ ತಯಾರಾಗುವುದು ಪ್ರಾಡಕ್ಟ್ ತಂಡದ ಗೋಡೆಯ ಮೇಲಲ್ಲ, ಅನುದಾನದ ಪ್ರಸ್ತಾವನೆಯಲ್ಲಿ. 'ಎರಡನೇ ವರ್ಷದೊಳಗೆ ಜಿಲ್ಲಾಮಟ್ಟದ ಡ್ಯಾಶ್‌ಬೋರ್ಡ್, ಧ್ವನಿ ಮೂಲಕ ದಾಖಲಾತಿ' ಎಂದು ನಿಧಿ ಸಂಗ್ರಹ ವಿಭಾಗ ಬರೆದು ಸಹಿ ಬಿದ್ದ ಕ್ಷಣ ಎರಡು ವರ್ಷದ ಕೆಲಸ ನಿಗದಿಯಾಯಿತು. ಆಮೇಲೆ ಮುಖ್ಯಸ್ಥರಿಗೆ ಉಳಿಯುವುದು ಯಾವುದನ್ನು ಸೋಮವಾರ ಶುರು ಮಾಡೋಣ ಎಂಬ ತೀರ್ಮಾನ ಮಾತ್ರ. ಪ್ರಸ್ತಾವನೆ ಬರೆಯುವ ಕೋಣೆಯಲ್ಲಿ ಕುರ್ಚಿ ಕೊಡದೆ ಬಡ್ತಿ ಕೊಟ್ಟರೆ ಹೆಸರು ಬದಲಾಗುತ್ತದೆ, ಕೆಲಸ ಅದೇ.

ಇದನ್ನು ಕ್ರಮವಾಗಿ ಮಾಡಬೇಕು. ಪ್ರಾಡಕ್ಟ್‌ಗೆ ಸಂಬಂಧಿಸಿದ ಒಂದೇ ಒಂದು ಸಾಲಿದ್ದರೂ ಆ ಪ್ರಸ್ತಾವನೆ ಸಲ್ಲಿಕೆಗೆ 10 ಕೆಲಸದ ದಿನ ಮೊದಲು ಮುಖ್ಯಸ್ಥರ ಮೇಜಿಗೆ ಬರಬೇಕು. ಅವರು ಒಂದು ಪುಟ ತುಂಬುತ್ತಾರೆ. ಯಾರು ಬಳಸುತ್ತಾರೆ, ಈಗಿರುವುದಕ್ಕೆ ಸೇರ್ಪಡೆಯೋ ಹೊಸದೋ, ಎಷ್ಟು ವ್ಯಕ್ತಿವಾರ, ಸರ್ವರ್ ಮತ್ತು ಅನುವಾದದ ಖರ್ಚು, ಅನುದಾನ ಮುಗಿದ ಮೇಲೆ ಸಾಕುವವರು ಯಾರು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಫೀಚರ್‌ಗಳೇ ಮುಂದೆ ತಂಡವನ್ನು ತಿನ್ನುವುದು. ಕಟ್ಟಿದ ಖರ್ಚಿನ 15ರಿಂದ 20 ಪ್ರತಿಶತ ವರ್ಷವರ್ಷವೂ ನಿರ್ವಹಣೆಗೆ ಬೇಕು ಎಂಬುದು ಸಾಫ್ಟ್‌ವೇರ್‌ನಲ್ಲಿ ರೂಢಿಯ ಅಂದಾಜು. ಐದು ಅನುದಾನದಲ್ಲಿ ಐದು ಫೀಚರ್ ಕಟ್ಟಿ ಯಾವುದಕ್ಕೂ ಈ ಬಾಬ್ತು ಕೇಳದಿದ್ದರೆ, ಆರನೆಯದನ್ನು ಕಟ್ಟಲು ಕೈಗಳೇ ಇರುವುದಿಲ್ಲ.

ಮುಖ್ಯಸ್ಥರೂ ನಿಧಿ ಸಂಗ್ರಹ ವಿಭಾಗವೂ ಒಪ್ಪದಿದ್ದರೆ ಕಾರ್ಯನಿರ್ವಾಹಕ ನಿರ್ದೇಶಕರು ಎರಡು ದಿನದೊಳಗೆ ಬರಹದಲ್ಲಿ ತೀರ್ಮಾನ ಕೊಡಬೇಕು. ಬಾಯಿಮಾತಿನ ತೀರ್ಮಾನ ಸಾಲದು. ಎಂಟು ತಿಂಗಳ ಮೇಲೆ 'ಇದಕ್ಕೆ ಯಾರು ಒಪ್ಪಿದ್ದು' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪ್ರಸ್ತಾವನೆಯ ಭಾಷೆಯನ್ನೂ ಅವರು ತಿದ್ದಲಿ. 'ಡ್ಯಾಶ್‌ಬೋರ್ಡ್ ನಿರ್ಮಿಸಲಾಗುವುದು' ಎಂದು ಬರೆದರೆ ಡ್ಯಾಶ್‌ಬೋರ್ಡನ್ನೇ ಕೊಡಬೇಕು, ಯಾರೂ ತೆರೆಯದಿದ್ದರೂ. 'ಮೇಲ್ವಿಚಾರಕರಿಗೆ ಬಾಕಿ ಭೇಟಿಗಳ ಮಾಹಿತಿ ಅದೇ ದಿನ ಸಿಗುವುದು' ಎಂದು ಬರೆದರೆ ಅದು ಡ್ಯಾಶ್‌ಬೋರ್ಡೂ ಆಗಬಹುದು, ಬೆಳಿಗ್ಗೆ ಬರುವ ಒಂದು ಎಸ್‌ಎಂಎಸ್ಸೂ ಆಗಬಹುದು. ಎಷ್ಟೋ ಸಲ ಎಸ್‌ಎಂಎಸ್ಸೇ ಚೆನ್ನಾಗಿ ಕೆಲಸ ಮಾಡುತ್ತದೆ.

ಅನುದಾನಲೆಕ್ಕ
ಪ್ರಸ್ತಾವಪುಟ ಅವರ ಮಾತಿಗೆ ಲೆಕ್ಕದ ಕಡೆಯಿಂದ ಒಂದು ಸೇರ್ಪಡೆ. ಮುಖ್ಯಸ್ಥರ ಸಮಯದ ಒಂದು ಪಾಲನ್ನು ಪ್ರತಿ ಹೊಸ ಪ್ರಸ್ತಾವನೆಯಲ್ಲೂ ನೇರ ವೆಚ್ಚವಾಗಿ ಕೇಳಿ. ಹಂಚಿಕೆಗೆ ಒಂದೇ ಆಧಾರ ಇಟ್ಟುಕೊಳ್ಳಿ, ಆಯಾ ಯೋಜನೆಗೆ ಹೋದ ಡೆವಲಪರ್ ಗಂಟೆಗಳು ಎಂಬಂತೆ. ಒಂದು ಅನುದಾನಕ್ಕೆ ಗಂಟೆ, ಇನ್ನೊಂದಕ್ಕೆ ಬಳಕೆದಾರರ ಸಂಖ್ಯೆ ಎಂದು ಅನುಕೂಲಕ್ಕೆ ತಕ್ಕಂತೆ ಬದಲಿಸಬಾರದು. ಇದು ಎರಡು ವರ್ಷ ನಡೆದರೆ ಸಾಮಾನ್ಯ ನಿಧಿಯ ಹೊರೆ ತಾನಾಗಿ ಇಳಿಯುತ್ತದೆ.

ಕ್ಷೇತ್ರಭೇಟಿ
ದುಡ್ಡು ಕೊಡುವವರು ಬೇರೆ, ಬಳಸುವವರು ಬೇರೆ. ಈ ಹುದ್ದೆಯ ಎಲ್ಲ ಕಷ್ಟವೂ ಅಲ್ಲಿಂದಲೇ. ಮಾರುಕಟ್ಟೆಯಲ್ಲಿ ಇಷ್ಟವಾಗದ ಪ್ರಾಡಕ್ಟನ್ನು ಜನ ಕೊಳ್ಳುವುದು ಬಿಡುತ್ತಾರೆ, ಸುದ್ದಿ ತಾನಾಗಿ ತಲುಪುತ್ತದೆ. ಇಲ್ಲಿ ಕಾರ್ಯಕರ್ತರು ಆ್ಯಪ್ ಇಷ್ಟವಿಲ್ಲದಿದ್ದರೂ ಬಳಸಲೇಬೇಕು, ಹಾಗಾಗಿ ದೂರು ಮೇಲೆ ಬರುವುದಿಲ್ಲ. ಹಗಲೆಲ್ಲ ಪುಸ್ತಕದಲ್ಲಿ ಬರೆದುಕೊಂಡು ರಾತ್ರಿ ಕೂತು ಆ್ಯಪ್‌ಗೆ ತುಂಬುತ್ತಾರೆ, ವರದಿಯಲ್ಲಿ ಎಲ್ಲವೂ ಹಸಿರು. ದಾಖಲೆಯ ಸಮಯಮುದ್ರೆ ನೋಡಿ: ಒಂದು ದಿನದ 20 ಭೇಟಿಗಳು ರಾತ್ರಿ 9ರಿಂದ 10ರೊಳಗೆ ದಾಖಲಾಗಿದ್ದರೆ ಇದೇ ನಡೆಯುತ್ತಿದೆ.

ಆದ್ದರಿಂದ ಮುಖ್ಯಸ್ಥರಿಗೆ ತಿಂಗಳಿಗೆ ಎರಡು ದಿನ ಫೀಲ್ಡಿನಲ್ಲಿ ಇರುವುದನ್ನು ಪತ್ರದಲ್ಲೇ ಬರೆಯಿರಿ, ಪ್ರಯಾಣದ ಬಜೆಟ್ ಸಮೇತ. ಅಳತೆಗಳನ್ನೂ ಅಲ್ಲಿಂದ ತೆಗೆಯಿರಿ. ಡೌನ್‌ಲೋಡ್ ಸಂಖ್ಯೆ ಬೇಡ. ಕಳೆದ 28 ದಿನದಲ್ಲಿ ಕನಿಷ್ಠ ಒಂದು ದಾಖಲೆ ಕಳುಹಿಸಿದವರು ಎಷ್ಟು, ತರಬೇತಿಯ ನಂತರ ಯಾರ ಸಹಾಯವೂ ಇಲ್ಲದೆ ಮೊದಲ ದಾಖಲೆ ಮುಗಿಸಿದವರು ಎಷ್ಟು, ಪ್ರತಿ 100 ಬಳಕೆದಾರರಿಗೆ ತಿಂಗಳಿಗೆ ಎಷ್ಟು ದೂರು, ಭೇಟಿ ನಡೆದ ಸಮಯಕ್ಕೂ ದಾಖಲಾದ ಸಮಯಕ್ಕೂ ಎಷ್ಟು ಅಂತರ. ಈ ನಾಲ್ಕು ಸಾಕು.

ಹುದ್ದೆಯ ಅಧಿಕಾರ ಒಂದರಿಂದಲೇ ಪ್ರಾಡಕ್ಟ್ ಒಳಗೆ ಹೋಗುವುದಿಲ್ಲ ಎಂಬುದಕ್ಕೆ ವಿಕಿಪೀಡಿಯ ನಡೆಸುವ ಲಾಭರಹಿತ ಸಂಸ್ಥೆ ವಿಕಿಮೀಡಿಯ ಫೌಂಡೇಶನ್ ನೋಡಬಹುದು. 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಷುಯಲ್ ಎಡಿಟರನ್ನು (ಸಂಕೇತ ಬರೆಯದೆ ಪುಟವನ್ನು ತಿದ್ದುವ ಸಾಧನ) ಎಲ್ಲರಿಗೂ ತಾನಾಗಿ ಕಾಣುವಂತೆ ಬಿಟ್ಟರು. ದೋಷಗಳು ಬಗೆಹರಿಯುವ ಮೊದಲೇ ಬಿಟ್ಟದ್ದೆಂದು ಸಂಪಾದಕರು ವಿರೋಧಿಸಿದರು, ಸೆಪ್ಟೆಂಬರಿನಲ್ಲಿ ಅದು ಬೇಕಾದವರು ಆರಿಸಿಕೊಳ್ಳುವ ಸೌಲಭ್ಯವಾಗಿ ಹಿಂದೆ ಸರಿಯಿತು. ಮರುವರ್ಷ ಚಿತ್ರಗಳನ್ನು ದೊಡ್ಡದಾಗಿ ತೋರಿಸುವ ಮೀಡಿಯ ವ್ಯೂವರ್ ವಿಚಾರದಲ್ಲಿ ಜಗಳ ಇನ್ನೂ ಬೆಳೆದು, ಸಂಪಾದಕರ ಸಮುದಾಯದ ನಿರ್ವಾಹಕರೂ ತಿದ್ದದಂತೆ ಪುಟಕ್ಕೆ ಬೀಗ ಹಾಕುವ 'ಸೂಪರ್‌ಪ್ರೊಟೆಕ್ಟ್' ಎಂಬ ಹಕ್ಕನ್ನೇ ಫೌಂಡೇಶನ್ ಸೃಷ್ಟಿಸಿತು. 2015ರ ನವೆಂಬರಿನಲ್ಲಿ ಅದನ್ನು ತೆಗೆಯಬೇಕಾಯಿತು. ಬಿಡುಗಡೆಗೆ ಮೊದಲೇ 'ಇಷ್ಟು ದೋಷ ಬಂದರೆ ಹಿಂದೆ ಪಡೆಯುತ್ತೇವೆ' ಎಂಬ ಗೆರೆಯನ್ನು ಬಳಕೆದಾರರ ಜೊತೆ ಕೂತು ಎಳೆದಿಟ್ಟರೆ ಇಂಥ ಹಗ್ಗಜಗ್ಗಾಟಕ್ಕೆ ಜಾಗವೇ ಕಡಿಮೆ. ಹಿಂದೆ ಪಡೆಯುವ ಅಧಿಕಾರವೂ ಮುಖ್ಯಸ್ಥರಿಗೇ ಇರಲಿ, ಮಂಡಳಿಯನ್ನು ಕೇಳಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮೂಲಸಂಕೇತ
ಹಿರಿಯ ಡೆವಲಪರ್‌ಗಳ ವಿಚಾರ ಯಾರೂ ಮುಟ್ಟಿಲ್ಲ.

ಇಬ್ಬರಿಗೂ ಒಂದೇ ದಿನ, ಬೇರೆ ಬೇರೆಯಾಗಿ, ತಂಡಕ್ಕೆ ಘೋಷಿಸುವ ಮೊದಲು ತಿಳಿಸಬೇಕು. ತಿಳಿಸುವವರು ಈಗಿನ ಮೇಲ್ವಿಚಾರಕರು, ಬಡ್ತಿ ಪಡೆದವರಲ್ಲ. 'ನಿಮ್ಮ ಒಪ್ಪಿಗೆ ಇದೆಯೇ' ಎಂದು ಕೇಳಬೇಡಿ. ಇಲ್ಲ ಎಂದರೆ ಏನು ಮಾಡುತ್ತೀರಿ? ತೀರ್ಮಾನ, ಕಾರಣ, ಅವರ ಮಟ್ಟಿಗೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ಇಷ್ಟು ಹೇಳಿ. ಅವರು ಮೌನವಾಗಿದ್ದರೆ ಒಪ್ಪಿದರು ಎಂದುಕೊಳ್ಳದೆ ಒಂದು ವಾರದ ಮೇಲೆ ಮತ್ತೆ ಕೂತು ಮಾತಾಡಿ.

ಇನ್ನೊಂದು, ಮೇಲೇರಲು ಜನರನ್ನು ನೋಡಿಕೊಳ್ಳುವ ಹುದ್ದೆ ಒಂದೇ ದಾರಿ ಎಂದಾದರೆ ಹಿರಿಯರಿಗೆ ಈ ಬಡ್ತಿ ಬಾಗಿಲು ಮುಚ್ಚಿದಂತೆ. ತಾಂತ್ರಿಕ ದಾರಿಯಲ್ಲಿ ಅದೇ ವೇತನ ಶ್ರೇಣಿಯ ಒಂದು ಹುದ್ದೆ ಇರಲಿ. ತಾಂತ್ರಿಕ ವಿನ್ಯಾಸದ ಕೊನೆಯ ಮಾತು ಅವರದು, ಏನು ಕಟ್ಟಬೇಕು ಎಂಬುದರ ಕೊನೆಯ ಮಾತು ಮುಖ್ಯಸ್ಥರದು. ಈ ಹಂಚಿಕೆ ಬರಹದಲ್ಲಿ ಇಲ್ಲದಿದ್ದರೆ, ನಿನ್ನೆಯವರೆಗೆ ಡೆವಲಪರ್ ಆಗಿದ್ದ ಮುಖ್ಯಸ್ಥರು ಹಿರಿಯರ ಕೋಡ್ ರಿವ್ಯೂ ಮಾಡಲು ಕೂರುತ್ತಾರೆ, ಮನಸ್ತಾಪ ಅಲ್ಲಿಂದಲೇ ಶುರು.

ಮೊದಲ ಅಪ್ರೈಸಲ್ ಸುತ್ತನ್ನು ಹಳೆಯ ಮೇಲ್ವಿಚಾರಕರೂ ಹೊಸ ಮುಖ್ಯಸ್ಥರೂ ಸೇರಿ ಮಾಡಲಿ. ವರ್ಷದ ಬಹುಪಾಲು ಸಮಾನರಾಗಿ ದುಡಿದವರ ಅಂಕವನ್ನು ಒಬ್ಬರೇ ಹಾಕುವುದು ಇಬ್ಬರಿಗೂ ಅನ್ಯಾಯ. ತಂಡದ ಸಂಬಳದ ಹಾಳೆ ಅವರ ಕೈಗೆ ಬರುವುದೂ ಬಜೆಟ್ ಜವಾಬ್ದಾರಿ ಬಂದ ಮೇಲೆಯೇ ಆಗಲಿ.

ಕಡತಮೇಜು
ಎಲ್ಲರ ಸಲಹೆ ಸೇರಿಸಿ ಆದೇಶ ಪತ್ರದ ಅಧಿಕಾರದ ಭಾಗವನ್ನು ಹೀಗೆ ಬರೆದದ್ದಾಗಿದೆ, ತಿದ್ದಿ:

'ಮುಖ್ಯಸ್ಥರು ರೋಡ್‌ಮ್ಯಾಪ್ ಸಮನ್ವಯಿಸುವರು. ಬಿಡುಗಡೆಗಳಿಗೆ ಸಹಕರಿಸುವರು. ತಂಡದ ನೇಮಕಾತಿಯಲ್ಲಿ ಭಾಗವಹಿಸುವರು. ಪ್ರಾಡಕ್ಟ್ ಸಂಬಂಧಿತ ಪ್ರಸ್ತಾವನೆಗಳ ಬಗ್ಗೆ ಅವರ ಅಭಿಪ್ರಾಯ ಪಡೆಯಲಾಗುವುದು. ಅಗತ್ಯವಿದ್ದಾಗ ಮಂಡಳಿಗೆ ಮಾಹಿತಿ ನೀಡುವರು.'

9 ತಿಂಗಳಿಗೆ ಮುಗಿಯುವುದು ಅನುದಾನ ಬ. ಅದು ಮುಗಿದಾಗ ಏನು ಮಾಡಬೇಕು ಎಂಬುದು ಇನ್ನೂ ಉಳಿದಿದೆ.

ಪ್ರಸ್ತಾವಪುಟ
ಕ್ರಿಯಾಪದಗಳನ್ನು ನೋಡಿ. ಸಮನ್ವಯಿಸುವರು, ಸಹಕರಿಸುವರು, ಭಾಗವಹಿಸುವರು. ನಾಲ್ಕು ವರ್ಷದಿಂದ ಹುದ್ದೆಯಿಲ್ಲದೆ ಅವರು ಮಾಡುತ್ತಿರುವುದು ಇದನ್ನೇ. ಹೀಗೆ ಬರೆಯಿರಿ:

'ಬ್ಯಾಕ್‌ಲಾಗ್‌ನ ಕ್ರಮವನ್ನೂ ಬಿಡುಗಡೆಯ ದಿನವನ್ನೂ ಮುಖ್ಯಸ್ಥರು ನಿರ್ಧರಿಸುವರು. ಬಿಡುಗಡೆಯನ್ನು ತಡೆಯುವ, ಹಿಂದೆ ಪಡೆಯುವ ಅಧಿಕಾರ ಅವರದು. ಬಳಕೆಯಿಲ್ಲದ ಫೀಚರನ್ನು 60 ದಿನಗಳ ಸೂಚನೆ ಕೊಟ್ಟು ನಿಲ್ಲಿಸಬಹುದು. ಅನುದಾನದ ಷರತ್ತಿನಲ್ಲಿರುವ ಫೀಚರ್ ಆದರೆ ದಾನಿಯ ಒಪ್ಪಿಗೆಯ ನಂತರ. ಪ್ರಾಡಕ್ಟ್ ತಂಡಕ್ಕೆ ನೇಮಕದ ಅಂತಿಮ ಆಯ್ಕೆ ಅವರದು, ಮಂಜೂರಾದ ಬಜೆಟ್ಟಿನೊಳಗೆ. ಪ್ರಾಡಕ್ಟ್ ಸಾಲುಗಳಿರುವ ಯಾವುದೇ ಪ್ರಸ್ತಾವನೆ ಅವರ ಸಹಿ ಇಲ್ಲದೆ, ಅಥವಾ ಕಾರ್ಯನಿರ್ವಾಹಕ ನಿರ್ದೇಶಕರ ಲಿಖಿತ ತೀರ್ಮಾನ ಇಲ್ಲದೆ ಸಲ್ಲಿಕೆಯಾಗದು. ಪ್ರತಿ ತ್ರೈಮಾಸಿಕ ಮಂಡಳಿ ಸಭೆಯಲ್ಲಿ 20 ನಿಮಿಷ ಅವರೇ ವರದಿ ಮಂಡಿಸುವರು.'

ಕೊನೆಯದನ್ನು ಬಿಡಬೇಡಿ. ಕಾರ್ಯಕ್ರಮ ನಿರ್ದೇಶಕರ ಮೂಲಕ ಮಂಡಳಿಗೆ ಹೋಗುವ ಪ್ರಾಡಕ್ಟ್ ಸುದ್ದಿಯಲ್ಲಿ ನಿರ್ವಹಣೆಯ ಬಾಕಿ ಎಂಬ ಪದವೇ ಇರುವುದಿಲ್ಲ, ಹೊಸ ಫೀಚರ್‌ಗಳ ಪಟ್ಟಿ ಇರುತ್ತದೆ. ತಂಡದ ಶಕ್ತಿಯ ಹಂಚಿಕೆಯನ್ನೂ ಇದೇ ಪತ್ರಕ್ಕೆ ಜೋಡಿಸಿ: ಅನುದಾನಕ್ಕೆ ಮಾತುಕೊಟ್ಟ ಕೆಲಸಕ್ಕೆ 60, ನಿರ್ವಹಣೆಗೆ 20, ಬಳಕೆದಾರರಿಂದ ಬಂದ ತಿದ್ದುಪಡಿಗೆ 20. ಅನುದಾನದ ಪಾಲು 80 ದಾಟಿದ ತ್ರೈಮಾಸಿಕದಲ್ಲಿ ಹೊಸ ಪ್ರಸ್ತಾವನೆಗೆ ಸಹಿ ಹಾಕದಿರುವುದು ಅವರ ಹಕ್ಕು ಎಂದು ಬರೆದಿರಲಿ.

ಬಿಡುಗಡೆದಿನ
ಕಾರ್ಯಕ್ರಮ ನಿರ್ದೇಶಕರ ಹುದ್ದೆ ವಿವರವನ್ನೂ ಅದೇ ದಿನ ತಿದ್ದಬೇಕು. ಒಂದು ಕಡೆ ಅಧಿಕಾರ ಕೊಟ್ಟು ಇನ್ನೊಂದು ಕಡೆ ಹಳೆಯ ಸಾಲು ಹಾಗೇ ಬಿಟ್ಟರೆ ಇಬ್ಬರ ಬಳಿಯೂ ಒಂದೇ ಅಧಿಕಾರದ ಕಾಗದ ಇರುತ್ತದೆ. ಫೀಲ್ಡ್ ತಂಡ ತಮಗೆ ಬೇಕಾದ ಉತ್ತರ ಯಾರು ಕೊಡುತ್ತಾರೋ ಅವರ ಬಳಿ ಹೋಗುತ್ತದೆ. ಮೊದಲ ಮೂರು ತಿಂಗಳು ಪ್ರಾಡಕ್ಟ್ ಬಗ್ಗೆ ನಿರ್ದೇಶಕರಿಗೆ ಬಂದ ಪ್ರತಿ ಮೇಲ್‌ಗೂ 'ಇದನ್ನು ಮುಖ್ಯಸ್ಥರು ತೀರ್ಮಾನಿಸುತ್ತಾರೆ' ಎಂಬ ಒಂದೇ ಸಾಲಿನ ಉತ್ತರ ಹೋಗಲಿ. ಸಂಸ್ಥೆಗೆ ಬದಲಾವಣೆ ನಿಜವೆಂದು ತಿಳಿಯುವುದು ಹೀಗೆ.

ಅನುದಾನಲೆಕ್ಕ
ಕಡತಮೇಜು ಅವರ ಉಳಿದ ಪ್ರಶ್ನೆಗೆ. ಅನುದಾನ ಬ ನಿಂತಾಗ ಮೇಲಿನ ಲೆಕ್ಕದ 18 ಕೂಡ ಸಾಮಾನ್ಯ ನಿಧಿಗೆ ಬರುತ್ತದೆ, ಅಂದರೆ 120ರಲ್ಲಿ 96. ಆದೇಶಕ್ಕೆ ಮೊದಲು ಖಜಾಂಚಿಯವರು 12 ತಿಂಗಳಿಗೆ ಈ 96ರ ಮಟ್ಟವನ್ನೇ ಇಟ್ಟು ನಗದು ಹರಿವಿನ ಅಂದಾಜು ಮಾಡಲಿ. ತಡೆದುಕೊಳ್ಳುತ್ತದೆ ಎಂದಾದರೆ ಹುದ್ದೆಯನ್ನು ಕಾಯಂ ಮಾಡಿ, ಹೊಸ ಅನುದಾನ ಬಂದರೆ ಹೊರೆ ಇಳಿಯುತ್ತದೆ. ತಡೆಯದು ಎಂದಾದರೆ ಹುದ್ದೆಯನ್ನು ಅನುದಾನಕ್ಕೆ ಕಟ್ಟಿಹಾಕುವುದಕ್ಕಿಂತ ಏರಿಕೆಯನ್ನು ಎರಡು ಕಂತು ಮಾಡುವುದು ಮೇಲು: ಅಧಿಕಾರ ಪೂರ್ತಿ ಈಗಲೇ, ಸಂಬಳದಲ್ಲಿ 10 ಈಗ, 10 ನಿಗದಿಯಾದ ದಿನಾಂಕಕ್ಕೆ. ಎರಡನೇ ಕಂತಿನ ದಿನಾಂಕ ಪತ್ರದಲ್ಲಿರಬೇಕು. 'ನಿಧಿ ಲಭ್ಯತೆಗೆ ಒಳಪಟ್ಟು' ಎಂಬ ಸಾಲು ಹಾಕಿದರೆ ಅದು ಕಂತಲ್ಲ, ಆಸೆ ಮಾತ್ರ. ಅಧಿಕಾರವನ್ನು ಕಂತು ಮಾಡಿ ಸಂಬಳವನ್ನು ಪೂರ್ತಿ ಕೊಡುವವರೂ ಇದ್ದಾರೆ, ಅದು ತಲೆಕೆಳಗು.

ಜಾರಿಯ ದಿನ ತಿಂಗಳ 1ನೇ ತಾರೀಖು ಇರಲಿ, ಟೈಮ್‌ಶೀಟ್ ಎರಡು ತುಂಡಾಗುವುದಿಲ್ಲ. ದಾನಿಗೆ ವರದಿ ಸಲ್ಲಿಸುವ ತಿಂಗಳೂ ಬೇಡ, ದೊಡ್ಡ ಬಿಡುಗಡೆಯ ವಾರವೂ ಬೇಡ. ಹಿಂದಿನ ದಿನಾಂಕ ಹಾಕಿ ಆದೇಶ ಕೊಡಬೇಡಿ, ಹಳೆಯ ತಿಂಗಳುಗಳ ಅನುದಾನ ಲೆಕ್ಕವನ್ನೆಲ್ಲ ಮತ್ತೆ ತೆರೆಯಬೇಕಾಗುತ್ತದೆ.

ಎಚ್‌ಆರ್‌ಟೇಬಲ್
ತರಬೇತಿಯ ಬಾಬ್ತು ಪತ್ರದಲ್ಲಿ ಕಾಣಲಿಲ್ಲ. ಹೊರಗಿನ, ಇದೇ ಹುದ್ದೆ ನಿಭಾಯಿಸಿದ ಒಬ್ಬರ ಜೊತೆ ಹದಿನೈದು ದಿನಕ್ಕೆ ಒಂದು ಗಂಟೆ, ಆರು ತಿಂಗಳು. ಬಜೆಟ್ ಓದುವುದು ಮತ್ತು ಅನುದಾನ ಒಪ್ಪಂದ ಓದುವುದು, ಇವೆರಡನ್ನು ಲೆಕ್ಕ ವಿಭಾಗದವರೇ ತಲಾ ಅರ್ಧ ದಿನ ಕೂರಿಸಿ ಕಲಿಸಲಿ. ಡೆವಲಪರ್ ಹಿನ್ನೆಲೆಯವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಕೇಳಲು ಸಂಕೋಚ. ಮೊದಲ ವಾರದಲ್ಲೇ ಮುಗಿಸಿ, ಏಕೆಂದರೆ ಮುಂದಿನ ಪ್ರಸ್ತಾವನೆ ಎರಡನೇ ವಾರಕ್ಕೇ ಅವರ ಸಹಿಗೆ ಬರಬಹುದು.